ಹೆಸರು ಕೇಳದೆ ಕೊಟ್ಟ ಉತ್ತರ

ದೆವ್ವ, ಗಾಳಿ, ಸೋಂಕು ಎಂಬುದೆಲ್ಲ ಕೆಲಸವಿಲ್ಲದವರ ಬಾಯಿಚಪಲ ಎಂದೇ ನಾನು ತಿಳಿದಿದ್ದೆ. ನಮ್ಮೂರು ಗೋಗಿಯಲ್ಲಿ ನಮ್ಮಜ್ಜಿ ಇಂಥ ಕತೆ ಶುರು ಮಾಡಿದರೆ ನಡುವೆಯೇ ತಡೆದು ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಶಹಾಪುರದ ಆ ಗೋಡೆಯನ್ನು ಇಷ್ಟು ವರ್ಷವಾದರೂ ಯಾಕೆ ಮುಗಿಸಿಲ್ಲ ಎಂದು ಕೇಳುವವರಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಗುವುದಾದರೆ ನಗಿ, ನಾನೂ ನಕ್ಕವಳೇ.

ಆಗ ನಾನು ಶಾಲೆಗಳ ಗೋಡೆಗೆ ಅಕ್ಷರಮಾಲೆ, ಗಿಳಿ, ಮಾವಿನಹಣ್ಣು ಬರೆದು ಹೊಟ್ಟೆ ಹೊರೆಯುತ್ತಿದ್ದೆ. ನನ್ನದು ಎನ್ನಬಹುದಾದ ಚಿತ್ರಕ್ಕೆ ಮೊದಲ ಸಲ ಜಾಗ ಸಿಕ್ಕಿದ್ದು ಶಹಾಪುರದ ಹಳೆ ಪೇಟೆಯಲ್ಲಿ, ಮುಚ್ಚಿದ ಅಂಗಡಿಯೊಂದರ ನೆಲಮಾಳಿಗೆಯಲ್ಲಿ. ಹಿಂದೆ ತೊಗರಿ ಮೂಟೆ ಇಡುತ್ತಿದ್ದ ಜಾಗ ಅದು. ಯಾದಗಿರಿ, ಸುರಪುರದ ಕಡೆಯ ಹುಡುಗರು ರವಿವಾರ ಅಲ್ಲಿ ಸೇರಿ ನಮ್ಮದೇ ಮಾತಿನಲ್ಲಿ ರ‍್ಯಾಪ್ ಹಾಡುತ್ತಿದ್ದರು. ಮೇಲಿನ ಪೇಟೆಯವರು ಅದಕ್ಕೆ ಗದ್ದಲದ ಗುಂಡಿ ಎಂದು ಹೆಸರಿಟ್ಟಿದ್ದರು. ಊರಿನ ಯಾವ ವೇದಿಕೆಗೂ ನಮ್ಮನ್ನು ಕರೆಯುತ್ತಿರಲಿಲ್ಲ. ಹಾಗಾಗಿ ತೇವದ ವಾಸನೆಯ ಆ ಕೋಣೆಯೇ ನಮ್ಮ ರಂಗಮಂದಿರ. ಅಲ್ಲಿ ಇದ್ದಷ್ಟು ಧೈರ್ಯವಾಗಿ ನಾನು ಬೇರೆಲ್ಲೂ ಇರಲಿಲ್ಲ.

ಗುಂಪಿನಲ್ಲಿ ಚರ್ಮದ ಹಲಗೆ ಬಾರಿಸುವವನು ದೇವಾಪುರದ ಯಲ್ಲಪ್ಪ. ಅವನ ತಂದೆ ದುರ್ಗಪ್ಪ ಜೀವಮಾನವಿಡೀ ಊರವರ ಸಾವಿಗೆ ಹಲಗೆ ಬಡಿದವರು. ಮಗ ಅದೇ ಹಲಗೆಯನ್ನು ಹಾಡಿಗೆ ತಂದಿದ್ದ, ಒಂದೇ ಕರಾರಿನ ಮೇಲೆ. "ಸಾವಿನ ಬಡಿತ ಇಲ್ಲಿ ಯಾರೂ ಬಡಿಯಂಗಿಲ್ಲ. ನಮ್ಮಪ್ಪ ಬಡದಿದ್ದ ಸಾಕು" ಎಂದಿದ್ದ. ಆ ಮಾತನ್ನು ಯಾರೂ ಮೀರಿರಲಿಲ್ಲ.

ಗೋಡೆಯ ಮೇಲೆ ನಾನು ಬರೆಯುತ್ತಿದ್ದದ್ದು ಆ ದುರ್ಗಪ್ಪನವರನ್ನೇ. ಕುಕ್ಕರಗಾಲಲ್ಲಿ ಕೂತು ಎದೆಗೆ ಹಲಗೆ ಒತ್ತಿಕೊಂಡ ಮುದುಕ, ಸುತ್ತ ಗಾಢ ನೀಲಿ. ಕಲಬುರಗಿಯಿಂದ ಕಲಾವಿದರು ನೋಡಲು ಬರುವವರಿದ್ದರು. ಅದು ಅವರಿಗೆ ಹಿಡಿಸಿದರೆ ಶಾಲೆಯ ಗಿಳಿಗಳಿಂದ ನನಗೆ ಮುಕ್ತಿ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಾನು ಚಿಕ್ಕವಳಿದ್ದಾಗ ಗೋಗಿಯಲ್ಲಿ ಯಾರಾದರೂ ತೀರಿಕೊಂಡರೆ ಹಲಗೆಯವರು ಓಣಿ ಓಣಿ ತಿರುಗಿ ಸಾರುತ್ತಿದ್ದರು. ನಿಧಾನಕ್ಕೆ ಮೂರು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಪೆಟ್ಟು. ಆಮೇಲೆ ಸತ್ತವರ ಹೆಸರು, ಮಣ್ಣು ಮಾಡುವ ವೇಳೆ. ಮನೆಯೊಳಗಿದ್ದವರು "ಬರ್ತೀವಿ ಹೋಗಪಾ" ಎಂದು ಕೂಗಿ ಹೇಳಬೇಕು. ಆದರೆ ಹೆಸರು ಕಿವಿಗೆ ಬೀಳುವ ತನಕ ಬಾಯಿ ಬಿಡಬಾರದು. ಒಮ್ಮೆ ನಾನು ಅವಸರಪಟ್ಟು ಕೂಗಲು ಹೋದಾಗ ಅಜ್ಜಿ ನನ್ನ ಬಾಯಿ ಮುಚ್ಚಿ ಹಿಡಿದಿದ್ದಳು. "ಯಾರ ಮಣ್ಣಂತ ತಿಳೀದ ಬರ್ತೀನಿ ಅಂದ್ರ, ಯಾರ ಮಣ್ಣಿಗಿ ಹೋಗ್ತಿ ನೀ?"

ಅದು ಬೇಸಿಗೆಯ ಮಟಮಟ ಮಧ್ಯಾಹ್ನ. ಬಿಸಿಲಿಗೆ ಪೇಟೆಯೆಲ್ಲ ಬಾಗಿಲು ಹಾಕಿತ್ತು, ಕೆಳಗೆ ಮಾತ್ರ ತಣ್ಣಗಿತ್ತು. ಯಲ್ಲಪ್ಪ ಮತ್ತು ಹಾಡು ರೆಕಾರ್ಡ್ ಮಾಡುವ ಸಮೀರ್ ಊಟಕ್ಕೆ ಹೋಗಿದ್ದರು. ಸಮೀರ್ ಮೈಕನ್ನೂ ರೆಕಾರ್ಡಿಂಗನ್ನೂ ಆರಿಸದೆ ಹೋಗಿದ್ದ. ಹಲಗೆ ಮೊಳೆಗೆ ನೇತುಬಿದ್ದಿತ್ತು. ಚಿತ್ರದಲ್ಲಿ ಮುದುಕನ ಎದೆಯ ಹಲಗೆಯ ದುಂಡು ಮಾತ್ರ ಬಿಳಿಯಾಗಿ ಉಳಿದಿತ್ತು. ನಾನು ಗೋಡೆಗೆ ಮುಖ ಮಾಡಿ ಅದರ ಅಂಚು ತಿದ್ದುತ್ತಿದ್ದೆ.

ಹಿಂದಿನಿಂದ ಮೂರು ಪೆಟ್ಟು ಕೇಳಿತು. ಒಂದು ಬಿಡುವು. ಮತ್ತೆ ಮೂರು.

ಹುಡುಗರು ಬಂದರೆಂದು ತಿಳಿದೆನೋ, ಅಥವಾ ಕೆಲಸದ ಗುಂಗಿನಲ್ಲಿ ಗೋಗಿಯ ಮನೆಯಲ್ಲೇ ಇದ್ದೇನೆ ಅನಿಸಿತೋ, ಗೊತ್ತಿಲ್ಲ. ಕುಂಚದಿಂದ ಕಣ್ಣು ಕೀಳದೆ, "ಬರ್ತೀನಿ ಹೋಗಪಾ, ಈ ಗೋಡಿ ಮುಗೀಲಿ" ಎಂದುಬಿಟ್ಟೆ.

ಪೆಟ್ಟು ಅಲ್ಲಿಗೇ ನಿಂತಿತು. ಹೆಸರು ಯಾರೂ ಹೇಳಲಿಲ್ಲ.

ಅಜ್ಜಿಯ ಕೈ ಬಾಯಿ ಮೇಲೆ ಬಿದ್ದಂತಾಯಿತು. ತಿರುಗಿ ನೋಡಲು ಎಷ್ಟು ಹೊತ್ತು ಬೇಕಾಯಿತೋ! ಕೋಣೆಯಲ್ಲಿ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೂ ಇಲ್ಲ. ಹಲಗೆ ಮೊಳೆಯಲ್ಲಿ ಹಾಗೇ ಇತ್ತು. ಅದನ್ನು ಮುಟ್ಟಿದ್ದು ನನ್ನ ತಪ್ಪು. ಆ ತೇವದಲ್ಲಿ ಚರ್ಮ ಸಡಿಲಾಗುತ್ತದೆಂದು ಯಲ್ಲಪ್ಪ ಬಾರಿಸುವ ಮೊದಲು ಬೀದಿಯಲ್ಲಿ ಕಾಗದ ಸುಟ್ಟು ಕಾಯಿಸುತ್ತಿದ್ದ. ಅಂದು ಯಾರೂ ಕಾಯಿಸಿರಲಿಲ್ಲ. ಆದರೂ ಚರ್ಮ ಬಿಗಿದು ಬೆಚ್ಚಗಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೇಲಕ್ಕೆ ಓಡಿದೆ. ಕಾದ ಕಲ್ಲಿನ ಮೇಲೆ ನಿಂತು ಮನೆಯ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಎಲ್ಲರೂ ಚೆನ್ನಾಗಿಯೇ ಇದ್ದರು. ಯಾಕೋ ಅದರಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ಊಟ ಮುಗಿಸಿ ಬಂದ ಸಮೀರ್ ನಾನು ಹೇಳಿದ್ದನ್ನು ಕೇಳಿ ರೆಕಾರ್ಡ್ ಕೇಳಿಸಿದ. ಕುಂಚದ ಸರಸರ ಇತ್ತು, ಫ್ಯಾನಿನ ಗುಂಯ್ ಇತ್ತು. ಹಲಗೆ ಇರಲಿಲ್ಲ. "ಇದ್ರಾಗ ಬರೀ ನಿಮ್ಮ ಆವಾಜ್ ಅದ ಅಕ್ಕಾ. ಯಾರ ಜೋಡಿ ಮಾತಾಡಾಕತ್ತೀರಿ?" ಎಂದ. ನನ್ನದೇ ದನಿ, ಸ್ಪಷ್ಟವಾಗಿ, ಸಲಿಗೆಯಿಂದ, ಗೋಡೆ ಮುಗಿದ ಮೇಲೆ ಬರುತ್ತೇನೆಂದು ಯಾರಿಗೋ ಮಾತು ಕೊಡುತ್ತಿತ್ತು.

ಯಲ್ಲಪ್ಪ ನಗಲಿಲ್ಲ. ಬೈಕಿನಲ್ಲಿ ಕೂರಿಸಿಕೊಂಡು ದೇವಾಪುರಕ್ಕೆ, ತಂದೆಯ ಹತ್ತಿರ ಕರೆದೊಯ್ದ. ದುರ್ಗಪ್ಪನವರು ಎಲ್ಲ ಕೇಳಿ, "ಹೆಸರು ಹೇಳಿತೇನವ್ವಾ ಅದು?" ಎಂದರು.

"ಇಲ್ರಿ."

ಅವರು 'ಹುಚ್ಚಿ, ಏನೂ ಆಗೂದಿಲ್ಲ' ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಕೊನೆಗೆ ಅವರು ಕೇಳಿದ್ದು ಒಂದೇ ಮಾತು. "ಗೋಡಿ ಇನ್ನಾ ಎಷ್ಟ ಉಳದದ?"

ಮತ್ತೆ ಆ ಗೋಡೆಗೆ ನಾನು ಕುಂಚ ತಾಗಿಸಿಲ್ಲ. ಕಲಬುರಗಿಯವರು ಬಂದು ಬಿಳಿ ದುಂಡಿನ ಮುಂದೆ ನಿಂತು, ಶತಮಾನಗಳ ಮೌನವನ್ನು ಎಷ್ಟು ಚೆನ್ನಾಗಿ ಹಿಡಿದಿದ್ದೀರಿ ಎಂದರು. ನಾನು ತಲೆಯಾಡಿಸಿದೆ. ಆ ಮೌನದಿಂದಲೇ ನನಗೆ ಹೆಸರು ಬಂತು, ಕೆಲಸ ಬಂತು. ಹೆದರಿಕೆಗೆ ಚಪ್ಪಾಳೆ ಬೀಳುವುದನ್ನು ನೋಡಿ ನಾಚಿಕೆಯೂ ಆಯಿತು. ದುರ್ಗಪ್ಪನವರು ಈಗಲೂ ಗಟ್ಟಿಯಾಗಿದ್ದಾರೆ. ಸಿಕ್ಕಾಗಲೆಲ್ಲ ಗೋಡೆಯ ಸುದ್ದಿ ಕೇಳುತ್ತಾರೆ.

ವರ್ಷಕ್ಕೊಮ್ಮೆ ನಾನು ಅಲ್ಲಿಗೆ ಇಳಿದು, ಬಿಳಿ ಜಾಗದ ಮೇಲೆ ಅಂಗೈ ಇಟ್ಟು ಅಳೆದು ಬರುತ್ತೇನೆ. ಮೊದಲು ಎರಡು ಅಂಗೈ ಪಕ್ಕಪಕ್ಕ ಹಿಡಿಯುತ್ತಿದ್ದವು. ತೇವಕ್ಕೆ ಬಣ್ಣ ಹರಡುತ್ತದೆ ಎಂದು ಗಾರೆ ಕೆಲಸದವರು ಹೇಳಿದ್ದಾರೆ. ಇರಬಹುದು. ಹೋದ ತಿಂಗಳು ಒಂದೇ ಅಂಗೈ ಇಟ್ಟೆ. ಅದೂ ಹಿಡಿಸಲಿಲ್ಲ, ಕಿರುಬೆರಳು ನೀಲಿಯ ಮೇಲಿತ್ತು.