ಮುಳ್ಳು ಸಿಕ್ಕಿಕೊಂಡ ಭಾನುವಾರ

ನಮ್ಮನೆಯವರು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಷೀನಿನ ಮುಂದೆ ನಿಂತು ನಿಂತು ಕಿವಿ ಕಳೆದುಕೊಂಡರು. ಉಳಿದ ಚೂರುಪಾರು ತಮ್ಮ ರೆಕಾರ್ಡುಗಳಿಗೆ ಎಂದು ಎತ್ತಿಟ್ಟಿದ್ದರು. ನಾನು ಕರೆದರೆ ಮೊದಲಿನಿಂದಲೂ ಕೇಳಿಸುತ್ತಿರಲಿಲ್ಲ, ಬಿಡಿ. ಅದು ಕಿವಿಯ ದೋಷವೋ ಗಂಡಸರ ದೋಷವೋ ಎಂದು ಬಹಳ ವರ್ಷ ನನಗೂ ಗೊತ್ತಾಗಲಿಲ್ಲ.

ಇವರು ಕೂಡಿಹಾಕುತ್ತಿದ್ದದ್ದು ಮಾಮೂಲಿ ಹಾಡುಗಳಲ್ಲ. ಹಾಗಿದ್ದಿದ್ದರೆ ನಾನೂ ಒಂದು ಮೂಲೆಯಲ್ಲಿ ಕೂತು ಕೇಳುತ್ತಿದ್ದೆನೇನೋ. ಇದು ಫ್ರೀ ಜಾಝ್. ನಾಲ್ಕೈದು ಜನ ಸೇರಿ ಸ್ಯಾಕ್ಸೊಫೋನ್ ಊದುತ್ತಾರೆ, ಡ್ರಮ್ ಬಡಿಯುತ್ತಾರೆ, ಬಾಸ್ ಎನ್ನುವ ದೊಡ್ಡ ಪಿಟೀಲಿನ ತಂತಿ ಮೀಟುತ್ತಾರೆ. ಮೊದಲೇ ಗೊತ್ತುಮಾಡಿಕೊಂಡ ತಾಳವಿಲ್ಲ, ಗುನುಗಿಕೊಳ್ಳಲು ಒಂದು ಸಾಲೂ ಇಲ್ಲ. ಒಬ್ಬ ಕಿರುಚಿದರೆ ಇನ್ನೊಬ್ಬ ಉತ್ತರ ಕೊಡುತ್ತಾನಂತೆ. ನನಗೆ ಅದು ಪಾತ್ರೆ ಅಂಗಡಿಯ ಅಟ್ಟ ಕುಸಿದ ಹಾಗೆ ಕೇಳಿಸುತ್ತಿತ್ತು. ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ವಾರವಿಡೀ "ಸಿಸ್ಟರ್, ಸಿಸ್ಟರ್" ಎನ್ನುವ ಕೂಗು ಕೇಳಿ ಮನೆಗೆ ಬಂದವಳಿಗೆ, ಇಲ್ಲೂ ಯಾರೋ ನರಳುತ್ತಿದ್ದರೆ ಹೇಗಾಗಬೇಡ?

ಹಳೇ ಸಾಮಾನಿನ ಅಂಗಡಿಗಳೇ ಇವರ ಬೇಟೆಯ ಜಾಗ. ಅಂಗಡಿಯವನು ಒಂದು ರೆಕಾರ್ಡನ್ನು ಹಾಕಿ ನೋಡಿ, ಮುಖ ಸಿಂಡರಿಸಿಕೊಂಡು, "ಇದು ಕೆಟ್ಟೋಗಿದೆ ಸಾರ್, ಬೇಕಾದ್ರೆ ಸುಮ್ನೆ ತಗೊಂಡ್ಹೋಗಿ" ಅಂದ ದಿನ ಇವರು ಮದುವಣಿಗನ ಹಾಗೆ ಮನೆಗೆ ಬರುತ್ತಿದ್ದರು. ರಟ್ಟಿನ ಹೊದಿಕೆಯ ಧೂಳು ಒರೆಸುವುದೇನು, ಪ್ಲೇಟನ್ನು ಎರಡು ಅಂಗೈ ನಡುವೆ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿ ಗೀರು ಹುಡುಕುವುದೇನು! ಮಗಳು ಹುಟ್ಟಿದಾಗ ಅವಳನ್ನೂ ಅಷ್ಟು ಜೋಪಾನವಾಗಿ ಎತ್ತಿಕೊಂಡವರಲ್ಲ. ಬಟ್ಟೆಗೆಂದು ಮಾಡಿಸಿದ ಬೀರು ರೆಕಾರ್ಡುಗಳ ಪಾಲಾಯಿತು. ನನ್ನ ಬಟ್ಟೆಗಳು ಮಂಚದಡಿಯ ಟ್ರಂಕಿಗೆ ಹೋದವು.

ಭಾನುವಾರ ಮಧ್ಯಾಹ್ನ ಮೂವರು ಸೇರುತ್ತಿದ್ದರು. ಇವರು, ಇವರ ಸ್ನೇಹಿತರಾದ ಹಲ್ಲಿನ ಡಾಕ್ಟರು, ಬೀದಿಯ ತುದಿಯಲ್ಲಿ ಬಣ್ಣದಂಗಡಿ ಇಟ್ಟಿರುವವರು. ಅವರದೊಂದು ಕಟ್ಟಳೆ. ರೆಕಾರ್ಡಿನ ಒಂದು ಬದಿ ಮುಗಿಯುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಕೇಳಿಸಿಕೊಂಡ ಒಂದು ಸಂಗತಿ ಹೇಳಬೇಕು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂದರೆ ನಡೆಯದು. ಎಲ್ಲಿ ಏನಾಯಿತು ಎಂದು ಹೇಳಬೇಕು. ಆಮೇಲೆ ಶುರು ನೋಡಿ ಜಗಳ. "ಬಾಸಿನವನು ಅಲ್ಲಿ ಸುಮ್ಮನಾಗಿದ್ದು ಬೇಕೂಂತ." "ಅಯ್ಯೋ ಬಿಡ್ರೀ, ಅವನಿಗೆ ದಾರಿ ತಪ್ಪಿತ್ತು." ನಾನು ಕೊಟ್ಟ ಕಾಫಿ ಹಾಗೇ ಆರಿ ಕೆನೆ ಕಟ್ಟುತ್ತಿತ್ತು.

ಒಂದು ಭಾನುವಾರ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಸ್ಯಾಕ್ಸೊಫೋನಿನ ಒಂದೇ ಕಿರುಚು ಮತ್ತೆ ಮತ್ತೆ ಬರುತ್ತಿತ್ತು. ತರಕಾರಿ ಮುಗಿಯಿತು, ಸೊಪ್ಪೂ ಮುಗಿಯಿತು, ಅದು ಮುಗಿಯಲಿಲ್ಲ. ಹೋಗಿ ನೋಡಿದರೆ ಮೂವರೂ ಕಣ್ಣು ಮುಚ್ಚಿ ತಪಸ್ಸಿಗೆ ಕೂತಿದ್ದಾರೆ. "ಅಯ್ಯೋ, ಮುಳ್ಳು ಸಿಕ್ಕಿಕೊಂಡಿದೆ ಕಣ್ರೀ!" ಎಂದು ಕೂಗಿದೆ. ಪ್ಲೇಟಿನ ಗೀರಿನಲ್ಲಿ ಪ್ಲೇಯರಿನ ಮುಳ್ಳು ಸಿಕ್ಕಿ ಒಂದೇ ಕಡೆ ಸುತ್ತುತ್ತಿತ್ತು. ಮೂವರಿಗೂ ಅನುಮಾನ ಬಂದಿತ್ತಂತೆ. ಆದರೆ ಈ ಸಂಗೀತದಲ್ಲಿ ಅದು ಬೇಕೆಂದೇ ಮಾಡಿದ್ದೂ ಇರಬಹುದಲ್ಲ! ತನಗೆ ತಿಳಿಯಲಿಲ್ಲ ಎಂದು ಮೊದಲು ಒಪ್ಪಿಕೊಳ್ಳುವವರು ಯಾರು? ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನು ಅದರ ಬಗ್ಗೇನೇ ಹೇಳೋಣ ಅಂತ ಮಾತು ಜೋಡಿಸ್ತಿದ್ದೆ ಕಣಮ್ಮಾ" ಎಂದರು. ಆಮೇಲೆ ವರ್ಷಗಟ್ಟಲೆ, ಯಾರಾದರೂ ಹೇಳಿದ್ದನ್ನೇ ಹೇಳಿದರೆ "ಮುಳ್ಳು ಸಿಕ್ಕಿಕೊಂಡಿದೆ" ಎಂದು ನಮ್ಮಲ್ಲಿ ಮಾತಾಯಿತು.

ಈಗ ಡಾಕ್ಟರಿಲ್ಲ. ಮಗಳು ಗಂಡನ ಮನೆಯಲ್ಲಿದ್ದಾಳೆ. ಇವರಿಗೆ ಪ್ರೆಸ್ಸಿನ ಕೆಲಸ ಮುಗಿಯಿತು, ನನಗೆ ವಾರ್ಡು ಇನ್ನೂ ಮುಗಿದಿಲ್ಲ. ಕಿವಿಗೆ ಹಾಕುವ ಮಷೀನು ತಂದೆವು. ಅದರಲ್ಲಿ ಮಾತು ತಿಳಿಯುತ್ತದೆ, ಸಂಗೀತ ಮಾತ್ರ ತಗಡು ಕೆರೆದ ಹಾಗಿರುತ್ತದಂತೆ. ಅದಕ್ಕೆ ಭಾನುವಾರ ಅದನ್ನು ತೆಗೆದು ಮೇಜಿನ ಮೇಲಿಡುತ್ತಿದ್ದರು. ಬಣ್ಣದಂಗಡಿಯವರು ಹೇಳಿದ್ದಕ್ಕೆ ತುಟಿ ನೋಡಿ ತಲೆಯಾಡಿಸುತ್ತಿದ್ದರು. ತಮ್ಮ ಸರದಿ ಬಂದಾಗ ಹಿಂದೆ ಯಾವಾಗಲೋ ಹೇಳಿದ್ದನ್ನೇ ನೆನಪಿನಿಂದ ತೆಗೆದು ಹೇಳುತ್ತಿದ್ದರು. ಒಳಗಿಂದ ನನಗೆ ಎಲ್ಲಾ ಕೇಳಿಸುತ್ತಿತ್ತು. ಈ ಮನುಷ್ಯನಿಗೆ ವಾರಕ್ಕೆ ಇರುವುದೇ ಒಂದು ಮಧ್ಯಾಹ್ನ. ಅದೂ ಹೋದರೆ ಗೋಡೆ ನೋಡಿಕೊಂಡು ಕೂತುಬಿಡುತ್ತಾರೆ ಎಂದು ಹೆದರಿಕೆ.

ಹೋದ ತಿಂಗಳು ಅದೇ ಗೀರಿನ ಪ್ಲೇಟು ಹಾಕಿದರು. ಅದೇ ಜಾಗದಲ್ಲಿ ಮುಳ್ಳು ಸಿಕ್ಕಿಕೊಂಡಿತು. ಒಂದೇ ಕಿರುಚು, ಮತ್ತೆ ಅದೇ, ಮತ್ತೆ ಅದೇ. ಬಾಗಿಲಿಗೆ ಬಂದೆ. ಬಣ್ಣದಂಗಡಿಯವರು ಎತ್ತಲೆಂದು ಕೈ ಚಾಚಿದವರು ಹಾಗೇ ನಿಂತಿದ್ದರು. ಇವರು ಕಣ್ಣು ಮುಚ್ಚಿ, ಮುಂದೆ ಹೋಗುತ್ತಿರುವ ಯಾವುದೋ ಸಂಗೀತಕ್ಕೆ ಮೆಲ್ಲಗೆ ತಲೆಯಾಡಿಸುತ್ತಿದ್ದರು. ಒಂದು ಕಡೆ ಬೆರಳು ಎತ್ತಿದರು. ಅಲ್ಲಿ ಡ್ರಮ್ ಬರಬೇಕು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಬದಿ ಮುಗಿಯಬೇಕಿದ್ದ ಹೊತ್ತಿಗೆ ಸರಿಯಾಗಿ ಇವರು ಕಣ್ಣು ಬಿಟ್ಟರು. "ಆಹಾ" ಎನ್ನುತ್ತಾ ಎದ್ದು ಮುಳ್ಳನ್ನು ಎತ್ತಲು ಹೋದರು. ಅದು ಇನ್ನೂ ಅರ್ಧ ದಾರಿಯಲ್ಲಿ, ಗೀರಿನ ಹತ್ತಿರವೇ ನಿಂತಿತ್ತು. ಅದನ್ನೇ ನೋಡಿದರು. ನನ್ನನ್ನು ನೋಡಿದರು. ಮುಳ್ಳನ್ನು ಎತ್ತಿಟ್ಟು, ಪ್ಲೇಟನ್ನು ಒರೆಸಿ, ಹೊದಿಕೆಯೊಳಗೆ ಹಾಕಿ, "ಮುಂದಿನ ವಾರ ಗಾಡಿ ತಂದು ಇದೆಲ್ಲಾ ತಗೊಂಡ್ಹೋಗಿಬಿಡಿ" ಎಂದರು. ಬಣ್ಣದಂಗಡಿಯವರು ಚಪ್ಪಲಿ ಮೆಟ್ಟಿದರು.

ಆ ವಾರವೆಲ್ಲಾ ಇವರು ರಟ್ಟಿನ ಡಬ್ಬಗಳಿಗೆ ತುಂಬಿ ಹಗ್ಗ ಬಿಗಿದರು. ಬೀರು ಖಾಲಿಯಾಯಿತು. ಎಷ್ಟು ವರ್ಷ ಗೊಣಗಿದ್ದೆ ನಾನು, ಈ ಬೀರುವಿಗಾಗಿ! ಟ್ರಂಕಿನಿಂದ ಒಂದು ಬಟ್ಟೆಯನ್ನೂ ತೆಗೆದಿಡುವ ಮನಸ್ಸಾಗಲಿಲ್ಲ.

ಭಾನುವಾರ ವಾರ್ಡು ಮುಗಿಸಿ ಬಂದೆ. ಪಾದ ಊದಿತ್ತು. ಬಣ್ಣದಂಗಡಿಯವರು ಆಗಲೇ ಬಂದಿದ್ದರು. ಗೀರಿನ ಪ್ಲೇಟು ಮಾತ್ರ ಹೊರಗಿತ್ತು. "ಕೊನೇದಾಗಿ ಇದೊಂದು ಕೇಳೋಣ" ಎಂದರು. ಇವರು ಕೈ ಕೊಡವಿದರು.

"ಅತ್ತಿಗೆ, ಡಾಕ್ಟರ ಕುರ್ಚಿ ಖಾಲಿ ಇದೆ. ಕೂತ್ಕೊಳ್ಳಿ."

ಕಾಲು ನೋಯುತ್ತಿತ್ತು ಎಂದು ಕೂತೆ, ಬೇರೆ ಕಾರಣವಿಲ್ಲ. ಗೀರಿನ ಜಾಗ ಬಂದಾಗ ಬಣ್ಣದಂಗಡಿಯವರು ಬೆರಳಿನಿಂದ ಮುಳ್ಳನ್ನು ಆಚೆ ದಾಟಿಸಿದರು. ಬದಿ ಮುಗಿಯಿತು. ತಮ್ಮ ಸಂಗತಿಯನ್ನು ಹೇಳಿ, ನನ್ನ ಕಡೆ ನೋಡಿದರು. ಇವರು ಕಿಟಕಿಯಾಚೆ ನೋಡುತ್ತಿದ್ದರು. ನಾನು ಎದ್ದು ಹೋಗಿ ಇವರ ಕಿವಿಯ ಹತ್ತಿರ ಬಗ್ಗಿ ಕೂಗಿದೆ:

"ಗೀರು ದಾಟಿದ ಮೇಲೆ ಊದೋನು ಉಸಿರು ಎಳ್ಕೊಳ್ಳೋದು ಕೇಳಿಸುತ್ತೆ ರೀ. ಅವನಿಗೆ ಸುಸ್ತಾಗಿದೆ."

"ಏನು?"

"ಸುಸ್ತು! ಸುಸ್ತಾಗಿದೆ ಅವನಿಗೆ!"

ಇವರ ಹುಬ್ಬು ಗಂಟಾಯಿತು. "ಯಾರು ಹೇಳಿದ್ರು ನಿಂಗೆ? ಸುಸ್ತಂತೆ! ಅಲ್ಲಿ ಡ್ರಮ್ಮಿನೋನಿಗೆ ಜಾಗ ಬಿಟ್ಟುಕೊಡ್ತಾನೆ ಅವನು!"

"ಸುಸ್ತಾದೋರ ಉಸಿರು ನಂಗೊತ್ತಿಲ್ವಾ? ದಿನಾ ಅದನ್ನೇ ಕೇಳ್ತೀನಿ ನಾನು."

"ಹಾಗಾದ್ರೆ ಡ್ರಮ್ ಯಾವಾಗ ಬಂತು? ಉಸಿರಿಗೆ ಮುಂಚೇನೋ ಆಮೇಲೋ?"

ನಾನು ಅದನ್ನು ಗಮನಿಸಿರಲಿಲ್ಲ. ಇವರು ಮೇಜಿನ ಮೇಲಿದ್ದ ಮಷೀನನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ನನ್ನ ಮಾತು ಕೇಳಿಸಬೇಕಲ್ಲ. ಬಣ್ಣದಂಗಡಿಯವರು ಒಂದು ಡಬ್ಬದ ಹಗ್ಗ ಬಿಚ್ಚತೊಡಗಿದ್ದರು.

ನನಗೆ ಈ ಸಂಗೀತ ಇವತ್ತಿಗೂ ಇಷ್ಟವಿಲ್ಲ. ಸತ್ಯವಾಗಿ ಹೇಳುತ್ತೇನೆ, ಒಂದು ಚೂರೂ ಇಷ್ಟವಿಲ್ಲ.

"ಇನ್ನೊಂದ್ಸಲ ಹಾಕು ಇವಳೇ" ಎಂದರು. "ಈ ಸಲ ಸರಿಯಾಗಿ ಕೇಳಿ ಹೇಳು."

ಊದಿದ ಕಾಲನ್ನು ಎಳೆದುಕೊಂಡು ಹೋಗಿ ಮುಳ್ಳನ್ನು ಮೊದಲಿಗೆ ಇಟ್ಟೆ.