ಕೈಗವಸು ತೊಟ್ಟೇ ತುಂಬುವ ಬಂದೂಕು

ಗಂಡ ಹೊರಟುಹೋದಾಗಿನಿಂದ ಒಂದೇ ಚಿಂತೆ. ಆ ಬಂದೂಕಿನಿಂದ ಗುಂಡು ಹಾರದಿದ್ದರೆ? ಮಗಳು ವೆರ್ನಾಗೆ ಗಂಜಿ ತಿನ್ನಿಸುವಾಗಲೂ ಅದೇ, ಒಲೆಗೆ ಸೌದೆ ಇಡುವಾಗಲೂ ಅದೇ.

ನನ್ನ ಗಂಡ ಕ್ಲಿಫ್ಟನ್ ಹತ್ತು ಗಂಟೆಗೆ ಹಿಮಗಾಡಿ ಹತ್ತಿ ನದಿಯ ಮೇಲ್ಗಡೆ ಒಡ್ಡಿದ ಉರುಲುಗಳನ್ನು ನೋಡಿಬರಲು ಹೊರಟ. ಐದು ದಿನದ ಸುತ್ತು. ಚೀಲದಲ್ಲಿ ಒಣಗಿಸಿದ ಸಾಲ್ಮನ್ ಮೀನು, ಚಹಾ, ಒಂದು ಡಬ್ಬ ಕೊಬ್ಬು. ಉಳಿದ ಊಟಕ್ಕೆ ಆ ಪುಟ್ಟ ಬಂದೂಕಿಗೆ ಸಿಕ್ಕ ಬೇಟೆಯೇ ಗತಿ. ಅವನು ಹೋದ ಮೇಲೆ, ಕೊಡಲಿಯ ಹಿಡಿ ಸಡಿಲವಾಗಿದೆಯೆಂದು ಹೊರಗಿನಿಂದ ಅದನ್ನು ಒಳಗೆ ತಂದೆ. ಅಲಗಿನ ಮೇಲೆ ಬಿಳಿ ಹಿಮ ಕೂತಿತು, ಸ್ವಲ್ಪ ಹೊತ್ತಿಗೆ ಕೊಡಲಿ ಬೆವರಿ ನೀರು ತೊಟ್ಟಿಕ್ಕಿತು. ಆಗ ಹೊಳೆಯಿತು.

ನಿನ್ನೆ ಬಂದೂಕನ್ನೂ ನಾನು ಹೀಗೆಯೇ ತಂದಿದ್ದೆ. ಹೊರಚಾವಡಿಯ ಮೊಳೆಯಿಂದ ಇಳಿಸಿ, ಒಲೆಯ ಪಕ್ಕ ಕೂತು, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಮಗುವಿಗೆ ಒರೆಸುವ ಹಾಗೆ ಒರೆಸಿ, ಮತ್ತೆ ಮೊಳೆಗೆ ತೂಗುಹಾಕಿದ್ದೆ. ಹೊರಗೆ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗೆ. ಸಂದಿಗೆ ಇಳಿದ ನೀರೂ ಎಣ್ಣೆಯೂ ಅಲ್ಲೇ ಗಡ್ಡೆಗಟ್ಟಿರುತ್ತವೆ. ಫೇರ್‌ಬ್ಯಾಂಕ್ಸ್‌ನಲ್ಲಿ ನನ್ನ ಪಟ್ಟಣದ ತವರುಮನೆಯಲ್ಲಿ ಅಪ್ಪನ ಬಂದೂಕು ಬೆಚ್ಚಗಿನ ಬೀರುವಿನಲ್ಲಿರುತ್ತಿತ್ತು. ಕೊಯುಕುಕ್ ನದಿಯ ಈ ಊರಲ್ಲಿ ಚಳಿಗಾಲದ ಬಂದೂಕು ಹೊಸಿಲು ದಾಟುವುದಿಲ್ಲ. ಐದು ವರ್ಷದ ಕೂಸಿಗೂ ಗೊತ್ತಿರುವ ವಿಷಯವಾದ್ದರಿಂದ ನನಗೆ ಯಾರೂ ಹೇಳಿರಲಿಲ್ಲ.

ಯೂಲಾ ಅತ್ತೆಗೆ ಫೋನ್ ಮಾಡಬೇಕು. ಆದರೆ ಹೇಗೆ? ನಾಚಿಕೆ ಒಂದು ಕಡೆ. ಇನ್ನೊಂದು ಕಡೆ, ಕಾಡಿಗೆ ಹೋದವನ ಬಗ್ಗೆ ಮನೆಯಲ್ಲಿದ್ದವರು ಕೆಟ್ಟ ಮಾತು ಆಡಬಾರದು. ಆಡಿದರೆ ಕೆಟ್ಟದ್ದು ಅವನಿಗಿಂತ ಮೊದಲು ದಾರಿ ಹಿಡಿದು ಹೋಗಿ ಕಾಯುತ್ತದೆ ಎನ್ನುತ್ತಾರೆ ಇಲ್ಲಿಯವರು. ಇದನ್ನು ನನಗೆ ಕಲಿಸಿದವರೇ ಅತ್ತೆ.

ಅವರು ಕ್ಲಿಫ್ಟನ್‌ನ ಸೋದರತ್ತೆ. ಅರವತ್ತಮೂರು ವರ್ಷ, ಗಿಡ್ಡ ಆಳು, ಬಾಯಿ ಮಾತ್ರ ಗಿಡ್ಡವಲ್ಲ. ಈ ಬಂದೂಕು ಮನೆಗೆ ಬಂದದ್ದೂ ಅವರಿಂದಲೇ. ಮೂಸ್ ಕಡವೆಗೆ ಹೊಡೆಯುವ ದೊಡ್ಡ ಕೋವಿ ಭಾರವೆಂದು ಕ್ಲಿಫ್ಟನ್ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದ. ಒಯ್ದರೂ ಅದರಿಂದ ಮೊಲಕ್ಕೆ ಹೊಡೆದರೆ ಕಿವಿ ಮಾತ್ರ ಉಳಿಯುತ್ತದೆ. ಹೋದ ಶರತ್ಕಾಲದಲ್ಲಿ ನಾನು ರಾತ್ರಿ ಹಗಲು ಓದಿ, ಹಗುರವಾದ ಬಂದೂಕುಗಳ ಪಟ್ಟಿ ಬರೆದು, ಅತ್ತೆಯ ಮುಂದೆ ಹಿಡಿದೆ.

"ಏನೇ ಇದು, ಪರೀಕ್ಷೆ ಅಂಕಪಟ್ಟಿನಾ?"

"ತೂಕ ಅತ್ತೆ. ಇದು ಎಲ್ಲಕ್ಕಿಂತ ಹಗುರ. ಬಿಚ್ಚಿ ಅದರ ಟೊಳ್ಳು ಹಿಡಿಯೊಳಗೇ ತುಂಬಿಡಬಹುದು. ನೀರಲ್ಲಿ ಬಿದ್ರೂ ತೇಲತ್ತೆ."

"ನದಿ ಏಳು ತಿಂಗಳು ಕಲ್ಲಾಗಿರತ್ತೆ. ಎಲ್ಲಿ ತೇಲಿಸ್ತಾನೆ ನಿನ್ನ ಗಂಡ?"

ಟಪಾಲು ವಿಮಾನದ ಪೈಲಟ್ ಹತ್ತಿರ ಅಂಥದೇ ಒಂದಿತ್ತು. ಅತ್ತೆ ಅದನ್ನು ಎರವಲು ತಂದು, ಹಿಮ ಬಿದ್ದ ಮೇಲೊಂದು ದಿನ ನನ್ನನ್ನು ಅಂಗಳಕ್ಕೆ ಎಳೆದು, ಕರಡಿಯ ಪಂಜದಷ್ಟು ದಪ್ಪನೆಯ ಕೈಗವಸು ತೊಡಿಸಿದರು. "ಈಗ ಜೋಡಿಸು." ನಳಿಗೆ ಹೇಗೋ ತಿರುಗಿಸಿದೆ. ತೋಟಾ ತುಂಬುವ ಡಬ್ಬಿ ಹಿಮಕ್ಕೆ ಬಿತ್ತು. ಹುಡುಕಲು ಕೈಗವಸು ಕಳಚಿದೆ. ಅತ್ತೆ ಬೆರಳು ಮಡಚಿ ಎಣಿಸುತ್ತ, "ಚಳಿಗೆ ಒಂದು ಬೆರಳು ಹೋಯ್ತು. ಎರಡು ಹೋಯ್ತು. ಮೊಲ ಇನ್ನೂ ನಿಂತು ನಗ್ತಾ ಇದೆ ನೋಡು" ಎಂದರು. ಆಮೇಲೆ ತಮ್ಮದನ್ನು ಕೊಟ್ಟರು. ನಡುವಿಗೆ ಮಡಚುವ ಕಬ್ಬಿಣದ ಬಂದೂಕು. ಮೇಲಿನ ನಳಿಗೆಗೆ ಸಣ್ಣ ಗುಂಡು, ಕೆಳಗಿನದಕ್ಕೆ ಕಾಳಿನಂತೆ ಚೆದುರುವ ಚರೆ ತೋಟಾ. ಬೆರಳಿಂದ ಎಳೆಯುವ ಕುದುರೆಯ ಬದಲು ಇಡೀ ಮುಷ್ಟಿಯಲ್ಲಿ ಅದುಮುವ ಅಗಲ ಪಟ್ಟಿ. ಕೈಗವಸು ಕಳಚದೆಯೇ ತುಂಬಿದೆ, ಅದುಮಿದೆ, ಬೇಲಿಯ ಮೇಲಿನ ಡಬ್ಬ ಹಾರಿತು.

"ಭಾರ ಸ್ವಲ್ಪ ಜಾಸ್ತಿ ಅತ್ತೆ."

"ಹಸಿವಿನಷ್ಟು ಭಾರ ಇಲ್ಲ ಕಣೆ."

ಅಂಥದೇ ಇನ್ನೊಂದನ್ನು ಪಕ್ಕದೂರಲ್ಲಿ ಹುಡುಕಿ, ಮಣಿ ಕಸೂತಿಯ ಎರಡು ಜೊತೆ ಕೈಗವಸು ಕೊಟ್ಟು ತಂದರು. ಇಡೀ ತಿಂಗಳು ಕೂತು ಹೊಲಿದ ಕೈಗವಸುಗಳು.

ಅಷ್ಟು ಹಟ ಯಾಕೆಂದು ಕ್ಲಿಫ್ಟನ್ ಆಮೇಲೆ ಹೇಳಿದ. ಅವನು ಎಂಟು ತಿಂಗಳ ಕೂಸಾಗಿದ್ದಾಗ ತಾಯಿ ತೀರಿಕೊಂಡಳು, ತಂದೆ ಆಸ್ಪತ್ರೆಯಲ್ಲಿದ್ದ. ಮೂವತ್ತು ವರ್ಷದ ಅತ್ತೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಉರುಲು ನೋಡಲು ಹೋದವರು, ಗಾಡಿ ಕೆಟ್ಟು, ಬಿರುಗಾಳಿ ಹೊಡೆದು, ಹನ್ನೊಂದು ದಿನ ಕಾಡಿನ ಗುಡಿಸಲಲ್ಲಿ ಸಿಕ್ಕಿಕೊಂಡರು. ಜೊತೆಗಿದ್ದದ್ದು ಆ ಮಡಚುವ ಬಂದೂಕೊಂದೇ. ನಾನು ಕೇಳಿದಾಗ ಅತ್ತೆ ಅಡ್ಡಡ್ಡ ತಲೆಯಾಡಿಸಿದರು.

"ನಾನೇನೂ ಮಾಡ್ಲಿಲ್ಲ. ಮೊಲಗಳು ಬಂದ್ವು. ಬರೀ ಮೊಲ ತಿಂದ್ರೆ ಹೊಟ್ಟೆ ತುಂಬಿದ್ರೂ ಮೈ ಸೊರಗತ್ತೆ, ಅದರಲ್ಲಿ ಕೊಬ್ಬಿಲ್ಲ. ಡಬ್ಬದಲ್ಲಿದ್ದ ಕೊಬ್ಬನ್ನ ಸಾರಿಗೆ ಹಾಕಿ ಇವನಿಗೆ ಕುಡಿಸ್ದೆ. ಒಂದಿನ ಕಾಡುಕೋಳಿನೂ ಬಂತು, ಪಾಪ."

ಕೊಂದೆ ಎಂದು ಅವರು ಒಮ್ಮೆಯೂ ಅನ್ನಲಿಲ್ಲ. ಬೇಟೆಯ ಬಗ್ಗೆ ಜಂಬ ಪಟ್ಟರೆ ಪ್ರಾಣಿಗಳು ಮತ್ತೆ ಬರುವುದಿಲ್ಲ ಎಂಬುದು ಇಲ್ಲಿಯವರ ನಂಬಿಕೆ. ನಾನು ಬಾಣಂತಿಯಾಗಿದ್ದಾಗ ದಿನವೂ ಬರುತ್ತಿದ್ದ ಬಿಸಿ ಸಾರಿನ ಬಗ್ಗೆಯೂ ಅವರು ಹೀಗೆಯೇ: "ಒಲೆ ಹೊತ್ತಿತ್ತು, ಅದಕ್ಕೆ ಕುದೀತು." ಇಂಥವರಿಗೆ ಕೃತಜ್ಞತೆ ಹೇಳುವುದಾದರೂ ಹೇಗೆ? ಈ ಮನೆಯಲ್ಲಿ ನನ್ನದು ಅಂತಿರುವುದೆಲ್ಲ, ಗಂಡ, ಮಗಳು, ಎಲ್ಲವೂ ಆ ಹನ್ನೊಂದು ದಿನ ದಾಟಿ ಬಂದದ್ದು. ಅಂಥವರ ಮುಂದೆ ನಾಚಿಕೆ ಎಂಥದು? ಹನ್ನೆರಡೂವರೆಗೆ ಫೋನ್ ಎತ್ತಿದೆ.

"ಯಾಕೆ ಉಸಿರು ಹಿಡ್ಕೊಂಡಿದೀಯ? ಹೇಳು."

"ಅತ್ತೆ, ನಿನ್ನೆ ಬಂದೂಕನ್ನ ಒಳಗೆ ತಂದಿದ್ದೆ. ಒಲೆ ಪಕ್ಕ. ಎಣ್ಣೆನೂ ಹಾಕ್ದೆ. ಅವನು ಅದನ್ನೇ ಒಯ್ದಿದಾನೆ."

"ಯಾವ ಎಣ್ಣೆ?"

"ಹೊಲಿಗೆ ಯಂತ್ರದ್ದು."

"ಅಯ್ಯೋ ದೇವರೇ! ಹಂಗಾದ್ರೆ ನಿನ್ನ ಗಂಡ ಮೊಲಕ್ಕೆ ಅಂಗಿ ಹೊಲಿಸ್ಕೊಂಡು ಬರ್ತಾನೆ ಬಿಡು." ನಗು ಬಂದಾಗ ನನಗೆ ಅಳುವೂ ಬಂತು. "ಅಳಬೇಡ. ಇವತ್ತು ಅವನು ಮಲಗೋದು ಮೊದಲನೇ ಗುಡಿಸಲಲ್ಲಿ. ನನ್ನದನ್ನ ಕೊಟ್ಟು ಅದನ್ನ ತಗೊಂಡು ಬರ್ತೀನಿ. ಬಿಚ್ಚಿ ಒಣಗಿಸಿದ್ರೆ ಸರಿಹೋಗತ್ತೆ."

"ಕೆಟ್ಟ ಮಾತು ಆಡ್ಬಿಟ್ನಲ್ಲ ಅತ್ತೆ..."

"ಬಂದೂಕು ಒದ್ದೆ ಅಂದೆ. ಒದ್ದೆ ಅಂದ್ರೆ ಒದ್ದೆ. ಅದರಲ್ಲಿ ಕೆಟ್ಟದ್ದೇನು?"

ಇಡುವ ಮೊದಲು ಹೇಳಿಯೇಬಿಟ್ಟೆ. "ಅತ್ತೆ, ಆವತ್ತೂ ಅವನನ್ನ ಉಳಿಸಿಕೊಟ್ರಿ. ನಾನು ಒಂದಿನಾನೂ ಹೇಳಿರ್ಲಿಲ್ಲ."

"ಫೋನ್ ಇಡೇ ಹುಡುಗಿ," ಅಂದರು ಅತ್ತೆ. "ಗಾಡಿಗೆ ಪೆಟ್ರೋಲ್ ಹಾಕ್ಬೇಕು."