ಆಕೆ ಕೂರಲಿಲ್ಲ

ನನ್ನ ಮೊಮ್ಮಗಳಿಗೆ ಬ್ಯಾಲೆ ಕಲಿಸುತ್ತಿದ್ದ ಮುದುಕಿ ಫ್ರಾನ್ಸ್ ದೇಶದವಳು. ಒಂದು ಕಾಲಕ್ಕೆ ಪ್ಯಾರಿಸ್‌ನಲ್ಲಿ ಅವಳ ನೃತ್ಯ ನೋಡಲು ಟಿಕೆಟ್ ಸಿಗುತ್ತಿರಲಿಲ್ಲವಂತೆ. ಈಗ ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜಿನ ಗೋದಾಮುಗಳ ನಡುವೆ ಒಂದು ಶೆಡ್ಡು ಬಾಡಿಗೆಗೆ ಹಿಡಿದು ಪಾಠ ಹೇಳುತ್ತಿದ್ದಳು. ಹೊರಗೆ ಟ್ರಕ್ಕು ಹಿಂದಕ್ಕೆ ಸರಿಯುವ ಪೀಂ ಪೀಂ, ಒಳಗೆ ಪಿಯಾನೋ. ಮಗಳು ಆಸ್ಪತ್ರೆಯ ಕೆಲಸಕ್ಕೆ ಹೋಗುವಾಗ ನಮ್ಮಿಬ್ಬರನ್ನು ಅಲ್ಲಿ ಇಳಿಸುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆಕೆ ಮೂಗು ಮುರಿಯಲಿಲ್ಲ, ಪಕ್ಕಕ್ಕೆ ಬಂದು ತಾನೂ ಸುಲಿದಳು. ನಿಂತೇ ಸುಲಿದಳು. ಸೊಂಟದ ಕೀಲು ಸವೆದಿತ್ತು, ಕೂತರೆ ಏಳುವುದು ಕಷ್ಟ.

ಆಕೆಯ ಬರಿಗಾಲು ಒಮ್ಮೆ ಕಂಡಿತು. ಬೆರಳೆಲ್ಲ ಸೊಟ್ಟ, ಗಂಟು ಗಂಟು. ಇಷ್ಟು ಕೆಟ್ಟ ಪಾದ ನಾನು ನೋಡಿಲ್ಲ ಎಂದೆ. ಮೊಮ್ಮಗಳು ನಾಚಿಕೊಂಡೇ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಆಕೆ ನಕ್ಕು ತನ್ನ ಕಥೆ ಹೇಳಿದಳು. ತಾಯಿ ಇಸ್ತ್ರಿ ಮಾಡಿ ಸಾಕಿದವಳು. ಇವಳು ಎಳೆಯ ವಯಸ್ಸಿನಲ್ಲೇ ದೊಡ್ಡ ನೃತ್ಯಶಾಲೆ ಸೇರಿ, ಮೇಲೇರಿ, ಲಂಡನ್, ಟೋಕಿಯೋ ಎಲ್ಲ ಕಡೆ ಕುಣಿದಳು. ನಿವೃತ್ತಿಗೆ ಮುಂಚಿನ ಕೊನೆಯ ಪ್ರದರ್ಶನದ ನಡುವೆ ಹಿಮ್ಮಡಿಯ ನರ ಹರಿದು ಬಿದ್ದಳು. ಪರದೆ ಇಳಿಸಿ ಸ್ಟ್ರೆಚರಿನಲ್ಲಿ ಒಯ್ದರು. ಮುಗಿದ ಮೇಲೆ ಜನಕ್ಕೆ ಬಾಗಿ ನಮಸ್ಕಾರ ಮಾಡುತ್ತಾರಲ್ಲ, ಅದು ಆಗಲೇ ಇಲ್ಲ. ಆಮೇಲೆ ಗಂಡನ ಕೆಲಸಕ್ಕೆಂದು ಶಿಕಾಗೋಕ್ಕೆ ಬಂದಳು. ಗಂಡ ತೀರಿಕೊಂಡ, ಇವಳು ಇಲ್ಲೇ ಉಳಿದಳು.

ನಮ್ಮ ಮಕ್ಕಳಿಗೆ ಕಲಿಸುತ್ತಾಳೆಂದು ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಆಕೆಯನ್ನು ಸನ್ಮಾನಕ್ಕೆ ಕರೆದರು. ಸನ್ಮಾನದ ಮುಂದಿನ ವಾರವೇ ಆಕೆಗೆ ಸೊಂಟದ ಆಪರೇಷನ್. ಅದಕ್ಕೆ ಮುಂಚೆ ಒಮ್ಮೆ ವೇದಿಕೆ ಮೇಲೆ ಆ ನಮಸ್ಕಾರ ಮಾಡಬೇಕು, ತನ್ನ ಕಾಲ ಮೇಲೆ ನಿಂತು, ಎಂದು ಮೊಮ್ಮಗಳ ಹತ್ತಿರ ಹೇಳಿದ್ದಳು. ಅದಕ್ಕೇ ಒಪ್ಪಿದ್ದು.

ನಮ್ಮವರ ಸನ್ಮಾನ ಗೊತ್ತಲ್ಲ. ಪಕ್ಕದೂರು ಹಾಫ್‌ಮನ್ ಎಸ್ಟೇಟ್ಸಿನ ಶಾಲೆಯ ಆಡಿಟೋರಿಯಂ, ವೇದಿಕೆಯ ನಡುವೆ ಮದುವೆ ಹಾಲಿನಿಂದ ತಂದ ಅರಸರ ಕುರ್ಚಿ. ಕೂಟದ ಅಧ್ಯಕ್ಷ, ನನ್ನ ಮಗಳ ವಯಸ್ಸಿನವನು, ಆಕೆಗೆ ಕುರ್ಚಿ ತೋರಿಸಿದ. ಆಕೆ ಬೇಡವೆಂದಳು. ಭುಜ ಹಿಡಿದು ಕೂರಿಸಲು ನೋಡಿದ. ಆಕೆ ಜಗ್ಗಲಿಲ್ಲ.

"ಶಿ ನೆವರ್ ಸಿಟ್ಸ್ ಆನ್ ಸ್ಟೇಜ್, ಅಜ್ಜಿ," ಎಂದು ಮೊಮ್ಮಗಳು ನನ್ನ ಕಿವಿಯಲ್ಲಿ ಹೇಳಿದಳು.

ಕಡೆಗೆ ನಿಂತವಳಿಗೇ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಭಾಷಣ ಶುರು ಮಾಡಿದ. ಹಂಪಿಯ ಕಂಬಗಳಿಂದ ಶುರುವಾಯಿತು. ಅವನು ಫ್ರಾನ್ಸಿಗೆ ಬರುವುದು ಯಾವಾಗಲೋ. ಬುಟ್ಟಿಯ ಸೇಬುಗಳು ಅಲುಗುತ್ತಿದ್ದವು. ಆಕೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು.

ನಾನು ಎದ್ದು ಮೆಟ್ಟಿಲು ಹತ್ತಿದೆ. ಬುಟ್ಟಿ ಕಸಿದು ಆ ಖಾಲಿ ಕುರ್ಚಿಯ ಮೇಲಿಟ್ಟೆ.

"ಸಾಕು ಮಾಡೋ ತಮ್ಮಾ. ಆಕಿಗೆ ಕಾಲು ನೋಯಾಕತ್ತಾವು."

"ಆಂಟಿ, ಇನ್ನೆರಡೇ ಪುಟ ಇದೆ."

"ಅದನ್ನ ಊಟದಾಗ ಓದು."

ಜನ ನಕ್ಕರು. ಅವನೂ ನಕ್ಕು ಮೈಕ್ ಬಿಟ್ಟ.

ಆಕೆ ಪೇಟ ತೆಗೆದು ನನ್ನ ಕೈಗೆ ಕೊಟ್ಟಳು. ಒಂದು ಕಾಲು ಹಿಂದೆ ಸರಿಸಿ, ತೋಳು ಬಿಚ್ಚಿ, ನಿಧಾನಕ್ಕೆ ಬಾಗಿದಳು. ಮೊಣಕಾಲು ನೆಲ ಮುಟ್ಟಿತು. ಏಳಲಾಗಲಿಲ್ಲ. ಜನ ಅದೂ ನಮಸ್ಕಾರವೇ ಎಂದುಕೊಂಡು ಚಪ್ಪಾಳೆ ತಟ್ಟುತ್ತಲೇ ಇದ್ದರು. ನಾನು ಹೋಗಿ ಕೈ ಚಾಚಿದೆ. ಹಿಡಿದು, ಮೈಭಾರವೆಲ್ಲ ನನ್ನ ಮೇಲೆ ಹಾಕಿ ಎದ್ದಳು. ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಎದ್ದ ಮೇಲೂ ನನ್ನ ಕೈ ಬಿಡದೆ, ನನ್ನನ್ನೂ ಜನರ ಕಡೆ ತಿರುಗಿಸಿ ಬಾಗಿಸಿದಳು. ಪೇಟ ನನ್ನ ಕಂಕುಳಲ್ಲಿತ್ತು.

ಕೆಳಗಿಳಿದ ಮೇಲೆ ಮೊಮ್ಮಗಳಿಗೆ ಏನೋ ಹೇಳಿದಳು.

"ಅಜ್ಜಿ, ನೀನು ಬೆಂಡ್ ಮಾಡಿದ್ದು ರಾಂಗ್ ಅಂತೆ. ಬೆನ್ನು ಸ್ಟ್ರೇಟ್ ಇರಬೇಕಂತೆ."

ನನ್ನ ಬೆನ್ನು ಮೊದಲಿಂದಲೂ ಹೀಗೇ ಅಂತ ಹೇಳು ಎಂದೆ. ಊಟದ ಹಾಲಿನಲ್ಲಿ ಗಟ್ಟಿ ಕುರ್ಚಿಯೊಂದನ್ನು ಎಳೆದು ಕೊಟ್ಟೆ. ಆಗ ಕೂತಳು. ಎರಡು ಸಲ ಬಿಸಿಬೇಳೆಬಾತ್ ಹಾಕಿಸಿಕೊಂಡಳು.